ಈಸ್ಟರ್: ಕ್ರೈಸ್ತರ ನಂಬಿಕೆಯ ತಿರುಳು, ನಮ್ಮ ನಾಡಿನ ಒಂದು ನೆನಪು

ಚಿಕ್ಕಬಳ್ಳಾಪುರದ ಸಮೀಪ, ಕಳವಾರ ಗ್ರಾಮದ ಮೇಲೆ ನಿಂತಿರುವ ಸ್ಕಂದಗಿರಿಯನ್ನು ಹತ್ತುವವರು ಸಾಮಾನ್ಯವಾಗಿ ಕತ್ತಲಿರುವಾಗಲೇ ಹೊರಡುತ್ತಾರೆ. ಬೆಟ್ಟದ ತುದಿಯಲ್ಲಿ ಕೆಳಗಿನ ಮೋಡಗಳ ಮೇಲೆ ಸೂರ್ಯ ಮೂಡುವುದನ್ನು ಕಾಣಬೇಕೆಂಬುದು ಅವರ ಆಸೆ. ತುದಿಯಲ್ಲಿ ಹಳೆಯ ಕೋಟೆಯ ಬಿದ್ದ ಗೋಡೆಗಳಿವೆ. ಜನರು ಅದನ್ನು ಟಿಪ್ಪು ಸುಲ್ತಾನರ ಕಾಲದ ಕೋಟೆ ಎಂದೇ ಕರೆಯುತ್ತಾರೆ. ಎದುರಿಗೆ ನಂದಿದುರ್ಗ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೇನೆಯು ಟಿಪ್ಪುವಿನಿಂದ ಕಿತ್ತುಕೊಂಡ ದುರ್ಗವದು.

ಒಂದು ಭಾನುವಾರದ ಮುಂಜಾನೆ ಈ ಬೆಟ್ಟದ ಮೇಲೆ ಫಜ್ರ್ ನಮಾಝ್ ಮುಗಿಸಿ ಕುಳಿತಿದ್ದಾಗ, ಜೊತೆಗೆ ಬಂದಿದ್ದ ನಮ್ಮ ಮನೆಯ ಹುಡುಗನೊಬ್ಬ ಕೇಳಿದ ಪ್ರಶ್ನೆ ಈ ಲೇಖನಕ್ಕೆ ಕಾರಣ. ಅಂದು ಈಸ್ಟರ್. ಅವನ ಸಹಪಾಠಿಯೊಬ್ಬ ಅದೇ ಹೊತ್ತಿಗೆ ತಂದೆತಾಯಿಯರೊಡನೆ ಚರ್ಚಿನ ಮುಂಜಾನೆಯ ಪ್ರಾರ್ಥನೆಗೆ ಹೋಗಿದ್ದನಂತೆ. "ಈಸಾ ಅಲೈಹಿಸ್ಸಲಾಮರು ಶಿಲುಬೆಯಲ್ಲಿ ಸಾಯಲೇ ಇಲ್ಲವೆಂದು ನಾವು ನಂಬುತ್ತೇವಲ್ಲ, ಹಾಗಾದರೆ ಅವರು ಇಂದು ಏನನ್ನು ಆಚರಿಸುತ್ತಿದ್ದಾರೆ?" ಎಂದು ಅವನು ಕೇಳಿದ. ಪ್ರಶ್ನೆ ಸರಳವಾದದ್ದು, ಆದರೆ ಉತ್ತರಿಸಲು ಹೊರಟಾಗ ನಮಗೆ ಎಷ್ಟು ಕಡಿಮೆ ತಿಳಿದಿದೆ ಎಂಬುದು ಅರಿವಾಯಿತು. ನೆರೆಯವನ ನಂಬಿಕೆಯನ್ನು ಅವನ ಬಾಯಿಂದ ಕೇಳಿ ಅರಿಯದೆ ಅದರ ಕುರಿತು ತೀರ್ಪು ಕೊಡುವುದು ನ್ಯಾಯವಲ್ಲ. ಆದ್ದರಿಂದ ಮೊದಲು ಕ್ರೈಸ್ತರು ಈಸ್ಟರನ್ನು ಏನೆಂದು ತಿಳಿಯುತ್ತಾರೆ ಎಂಬುದನ್ನು ನೋಡೋಣ. ಬಳಿಕ ನಮ್ಮ ನಂಬಿಕೆಯನ್ನೂ, ಕೊನೆಗೆ ಈ ನಾಡಿನ ಇತಿಹಾಸದಲ್ಲಿ ನಾವು ಮರೆಯಬಾರದ ಒಂದು ಈಸ್ಟರನ್ನೂ ನೋಡೋಣ.

ಹೆಸರು ಮತ್ತು ಹೊರಗಿನ ಆಚರಣೆ

ಬಣ್ಣದ ಮೊಟ್ಟೆ, ಮೊಲದ ಚಿತ್ರ, ಬೇಕರಿಯ ಸಿಹಿ: ಪೇಟೆಯಲ್ಲಿ ಕಾಣುವ ಈಸ್ಟರ್ ಇಷ್ಟೇ. ಇವುಗಳಲ್ಲಿ ಯಾವುದೂ ಹಬ್ಬದ ತಿರುಳಲ್ಲ. ಮೊಟ್ಟೆಯ ಸಂಪ್ರದಾಯಕ್ಕೂ ಉಪವಾಸಕ್ಕೂ ಸಂಬಂಧವಿದೆ. ಮಧ್ಯಯುಗದ ಯುರೋಪಿನಲ್ಲಿ ಈಸ್ಟರಿಗೆ ಮುಂಚಿನ ನಲ್ವತ್ತು ದಿನಗಳ ವ್ರತಕಾಲದಲ್ಲಿ ಮಾಂಸದಂತೆ ಮೊಟ್ಟೆಯೂ ನಿಷಿದ್ಧವಾಗಿತ್ತು. ವ್ರತ ಮುಗಿದ ದಿನ ಕೂಡಿಟ್ಟ ಮೊಟ್ಟೆಗಳನ್ನು ಹಂಚಿ ತಿನ್ನುತ್ತಿದ್ದರು. ಒಂದು ತಿಂಗಳು ಹಸಿದು ಈದ್‌ನ ಬೆಳಿಗ್ಗೆ ಶೀರ್‌ಖುರ್ಮಾದ ಬಟ್ಟಲನ್ನು ನೆರೆಮನೆಗೆ ಕಳುಹಿಸುವ ನಮಗೆ ಆ ಸಂತೋಷವನ್ನು ವಿವರಿಸಿ ಹೇಳಬೇಕಾಗಿಲ್ಲ.

'ಈಸ್ಟರ್' ಎಂಬ ಹೆಸರೂ ಇಂಗ್ಲಿಷ್, ಜರ್ಮನ್ ಮುಂತಾದ ಕೆಲವು ಭಾಷೆಗಳಿಗಷ್ಟೇ ಸೇರಿದ್ದು. ಹೆಚ್ಚಿನ ಭಾಷೆಗಳಲ್ಲಿ ಈ ಹಬ್ಬದ ಹೆಸರು 'ಪಾಸ್ಕ' ಎಂಬುದರ ರೂಪಾಂತರ. ಮಂಗಳೂರಿನ ಕೊಂಕಣಿ ಕ್ರೈಸ್ತರು 'ಪಾಸ್ಕಾಂಚೆಂ ಫೆಸ್ತ್' ಎನ್ನುತ್ತಾರೆ. ಅದರ ಮೂಲ ಹೀಬ್ರೂ ಭಾಷೆಯ 'ಪೆಸಹ್'. ಪ್ರವಾದಿ ಮೂಸಾ(ಅ)ರ ನಾಯಕತ್ವದಲ್ಲಿ ಬನೀ ಇಸ್ರಾಈಲರು ಫಿರ್‌ಔನನ ದಾಸ್ಯದಿಂದ ಬಿಡುಗಡೆ ಹೊಂದಿದ ನೆನಪಿಗೆ ಯಹೂದಿಗಳು ಆಚರಿಸುವ ಹಬ್ಬವದು. ಈಸಾ(ಅ)ರ ಕೊನೆಯ ದಿನಗಳ ಘಟನೆಗಳು ಆ ಹಬ್ಬದ ವಾರದಲ್ಲೇ ನಡೆದವೆಂದು ಇಂಜೀಲಿನ ನಾಲ್ಕೂ ವೃತ್ತಾಂತಗಳು ಹೇಳುತ್ತವೆ. ಅರಬ್ ಕ್ರೈಸ್ತರು ಇದನ್ನು 'ಈದುಲ್ ಫಿಸ್‌ಹ್' ಎಂದೂ 'ಈದುಲ್ ಕಿಯಾಮಃ' ಎಂದೂ ಕರೆಯುತ್ತಾರೆ. ಕಿಯಾಮಃ ಎಂದರೆ ಎದ್ದು ನಿಲ್ಲುವುದು. ನಮಾಝಿನ 'ಕಿಯಾಮ್' ಮತ್ತು ನಾವು ದಿನವೂ ನೆನೆಯುವ 'ಕಿಯಾಮತ್' ಅದೇ ಧಾತುವಿನವು. ಕನ್ನಡ ಕ್ರೈಸ್ತರು ಬಳಸುವ 'ಪುನರುತ್ಥಾನ' ಎಂಬ ಪದದ ಅರ್ಥವೂ ಅದೇ: ಮತ್ತೆ ಏಳುವುದು.

ಹಬ್ಬದ ದಿನವನ್ನು ಚಂದ್ರನೇ ನಿರ್ಣಯಿಸುತ್ತಾನೆ. ಆರಂಭದ ಶತಮಾನಗಳಲ್ಲಿ ಕ್ರೈಸ್ತರೊಳಗೆ ಈ ಬಗ್ಗೆ ತೀವ್ರ ಭಿನ್ನಮತವಿತ್ತು. ಕೆಲವರು ಯಹೂದಿಗಳ ನೀಸಾನ್ ತಿಂಗಳ ಹದಿನಾಲ್ಕನೆಯ ದಿನವನ್ನೇ ಹಿಡಿಯುತ್ತಿದ್ದರು, ಉಳಿದವರು ಭಾನುವಾರವನ್ನು. 325ರಲ್ಲಿ ನಿಕೇಯಾದಲ್ಲಿ ಸೇರಿದ ಮಹಾಸಭೆಯು ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ತೀರ್ಮಾನಿಸಿತು. ವಸಂತ ವಿಷುವದ ಬಳಿಕ ಬರುವ ಹುಣ್ಣಿಮೆಯ ನಂತರದ ಭಾನುವಾರ ಎಂಬ ನಿಯಮ ಕ್ರಮೇಣ ನೆಲೆಗೊಂಡಿತು. ಆದ್ದರಿಂದ ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬರುತ್ತದೆ. ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸುವ ಪೂರ್ವದ ಸಭೆಗಳ ಈಸ್ಟರ್ ಇಂದಿಗೂ ಹಲವು ವರ್ಷ ಬೇರೆ ದಿನವೇ ಬೀಳುತ್ತದೆ. ಚಂದ್ರದರ್ಶನದ ವಿಷಯದಲ್ಲಿ ಪ್ರತಿ ವರ್ಷ ಚರ್ಚಿಸುವ ನಾವು ಇದನ್ನು ಕೇಳಿ ನಗಬೇಕಾಗಿಲ್ಲ.

ಕ್ರೈಸ್ತರಿಗೆ ಈಸ್ಟರಿನ ಅರ್ಥ

ಕ್ರೈಸ್ತರ ವೃತ್ತಾಂತ ಹೀಗಿದೆ. ಈಸಾ(ಅ)ರನ್ನು ಶುಕ್ರವಾರ ರೋಮನ್ ಅಧಿಪತಿ ಪಿಲಾತನ ಆಜ್ಞೆಯಂತೆ ಶಿಲುಬೆಗೇರಿಸಲಾಯಿತು. ಅಂದೇ ಸಂಜೆ ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಅವರ ದೇಹವನ್ನಿರಿಸಿ ಕಲ್ಲು ಮುಚ್ಚಿದರು. ಶನಿವಾರ ಸಬ್ಬತ್ತಿನ ವಿಶ್ರಾಂತಿ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಸುಗಂಧದ್ರವ್ಯಗಳೊಡನೆ ಸಮಾಧಿಗೆ ಹೋದ ಸ್ತ್ರೀಯರು ಕಲ್ಲು ಸರಿದಿರುವುದನ್ನೂ ಸಮಾಧಿ ಬರಿದಾಗಿರುವುದನ್ನೂ ಕಂಡರು. ಮಗ್ದಲದ ಮರಿಯಳು ಅವರಲ್ಲಿ ಪ್ರಮುಖಳು. ಹೆಂಗಸರ ಮಾತನ್ನು ಮೊದಲು ಶಿಷ್ಯರೇ ನಂಬಲಿಲ್ಲ. ಬಳಿಕ ಈಸಾ(ಅ) ಅವರಿಗೆ ಜೀವಂತವಾಗಿ ಕಾಣಿಸಿಕೊಂಡರು ಎಂಬುದು ಅವರ ನಂಬಿಕೆ.

ಈ ನಂಬಿಕೆಯಲ್ಲಿ ಮೂರು ಅಂಶಗಳು ಹೆಣೆದುಕೊಂಡಿವೆ. ಮೊದಲನೆಯದು ಪ್ರಾಯಶ್ಚಿತ್ತ: ಶುಕ್ರವಾರದ ಮರಣವು ಮಾನವರ ಪಾಪಗಳಿಗಾಗಿ ಅರ್ಪಿತವಾದ ಬಲಿ. ಎರಡನೆಯದು ಸಮರ್ಥನೆ: ಲೋಕದ ಅಧಿಕಾರವು ಅಪರಾಧಿಯೆಂದು ಕೊಂದ ನಿರಪರಾಧಿಯನ್ನು ದೇವನು ಎಬ್ಬಿಸಿ ಅವನ ಸತ್ಯವನ್ನು ಸ್ಥಾಪಿಸಿದ. ಮೂರನೆಯದು ಭರವಸೆ: ಅವರು ಎದ್ದಂತೆ ವಿಶ್ವಾಸಿಗಳೂ ಒಂದು ದಿನ ಮರಣದಿಂದ ಏಳುವರು. ಸುಮಾರು ಕ್ರಿ.ಶ. 55ರ ವೇಳೆಗೆ ಕೊರಿಂಥದವರಿಗೆ ಪತ್ರ ಬರೆದ ಪೌಲನು, ಪುನರುತ್ಥಾನ ನಡೆದಿಲ್ಲವಾದರೆ ತಮ್ಮ ಬೋಧನೆಯೂ ನಂಬಿಕೆಯೂ ವ್ಯರ್ಥವೆಂಬ ಅರ್ಥದಲ್ಲಿ ವಾದಿಸಿದ್ದಾನೆ. ಆದ್ದರಿಂದ ಕ್ರಿಸ್‌ಮಸ್ ಎಷ್ಟೇ ಸಡಗರದ್ದಾದರೂ ಕ್ರೈಸ್ತರ ಮಹಾಹಬ್ಬ ಈಸ್ಟರೇ. ಪ್ರತಿ ಭಾನುವಾರದ ಅವರ ಆರಾಧನೆಯೂ ಅದೇ ಭಾನುವಾರದ ನೆನಪು.

ಈ ಅರ್ಥ ಕಾಣಸಿಗುವುದು ಮಾರುಕಟ್ಟೆಯಲ್ಲಲ್ಲ, ಸ್ಮಶಾನದಲ್ಲಿ. ನಮ್ಮ ಕಡೆಯ ಅನೇಕ ಪ್ರೊಟೆಸ್ಟೆಂಟ್ ಸಭೆಗಳವರು ಈಸ್ಟರ್ ದಿನ ಬೆಳಕು ಹರಿಯುವ ಮುನ್ನ ತಮ್ಮ ಸಮಾಧಿಭೂಮಿಗೆ ಹೋಗಿ, ಅಗಲಿದವರ ಗೋರಿಗಳ ನಡುವೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಾರೆ. ಕಥೋಲಿಕರು ಶನಿವಾರ ರಾತ್ರಿಯ ಜಾಗರಣೆಯಲ್ಲಿ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಒಂದು ದೊಡ್ಡ ಮೇಣದಬತ್ತಿಯನ್ನು ಬೆಳಗಿಸುತ್ತಾರೆ. ತನ್ನ ತಾಯಿಯ ಗೋರಿಯ ಬಳಿ ನಿಂತ ಮನುಷ್ಯ ಆ ಮುಂಜಾನೆ ತನಗೆ ತಾನೇ ಹೇಳಿಕೊಳ್ಳುವ ಮಾತು ಒಂದೇ: ಇದು ಕೊನೆಯಲ್ಲ.

ನಮ್ಮ ನಂಬಿಕೆ: ಕೂಡುವಲ್ಲಿ, ಅಗಲುವಲ್ಲಿ

ನಾವು ಎಲ್ಲಿ ಕೂಡುತ್ತೇವೆ? ಪುನರುತ್ಥಾನ ಸತ್ಯವೆಂಬಲ್ಲಿ. ಸತ್ತವರನ್ನು ಅಲ್ಲಾಹನು ಎಬ್ಬಿಸುವನೆಂಬುದು ಈಮಾನಿನ ಸ್ತಂಭಗಳಲ್ಲೊಂದು. ಈಸಾ(ಅ) ಕನ್ಯೆ ಮರ್ಯಮ್(ಅ)ರಿಂದ ಜನಿಸಿದರೆಂದೂ, ಅಲ್ಲಾಹನ ಅಪ್ಪಣೆಯಿಂದ ಸತ್ತವರನ್ನು ಬದುಕಿಸಿದರೆಂದೂ, ಅವರೇ ಮಸೀಹರೆಂದೂ, ಅಂತ್ಯಕಾಲದಲ್ಲಿ ಮರಳಿ ಇಳಿದುಬರುವರೆಂದೂ ನಾವು ನಂಬುತ್ತೇವೆ. ಸೂರಃ ಮರ್ಯಮ್‌ನ 33ನೆಯ ವಚನದಲ್ಲಿ ತೊಟ್ಟಿಲಿನ ಶಿಶು ಈಸಾ(ಅ) ತಮ್ಮ ಜನನದ ದಿನ, ಮರಣದ ದಿನ ಮತ್ತು ಜೀವಂತವಾಗಿ ಎಬ್ಬಿಸಲ್ಪಡುವ ದಿನದ ಮೇಲೆ ಶಾಂತಿಯನ್ನು ಹೇಳಿದ್ದಾರೆ.

ನಾವು ಅಗಲುವ ಎಡೆಯೂ ಸ್ಪಷ್ಟ. ಸೂರಃ ಅನ್ನಿಸಾದ 157 ಮತ್ತು 158ನೆಯ ವಚನಗಳ ಪ್ರಕಾರ ಅವರನ್ನು ಕೊಲ್ಲಲೂ ಇಲ್ಲ, ಶಿಲುಬೆಗೇರಿಸಲೂ ಇಲ್ಲ. ಜನರಿಗೆ ಹಾಗೆ ಭಾಸವಾಯಿತು, ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನು. ಆ ಭಾಸ ಹೇಗಾಯಿತೆಂಬ ವಿವರದಲ್ಲಿ ಮುಫಸ್ಸಿರರು ಭಿನ್ನ ವರದಿಗಳನ್ನು ತಂದಿದ್ದಾರೆ, ಮೂಲ ಮಾತಿನಲ್ಲಿ ಭಿನ್ನತೆಯಿಲ್ಲ. ಪಾಪದ ವಿಷಯದಲ್ಲೂ ಹಾಗೆಯೇ. ಆದಮ್(ಅ)ರ ತೌಬಾವನ್ನು ಅಲ್ಲಾಹನು ಸ್ವೀಕರಿಸಿದನು (2:37). ಒಬ್ಬನ ಹೊರೆಯನ್ನು ಇನ್ನೊಬ್ಬ ಹೊರಲಾರ (6:164). ಹಾಗಿರುವಾಗ ಕ್ಷಮೆಗಾಗಿ ನಿರಪರಾಧಿಯ ರಕ್ತ ಬೇಕಾಗಿಲ್ಲ. ಪ್ರವಾದಿಯು ದೇವಪುತ್ರನೆಂಬುದನ್ನೂ ತೌಹೀದ್ ಒಪ್ಪುವುದಿಲ್ಲ.

ಇದನ್ನು ಮರೆಮಾಚುವುದು ಸ್ನೇಹವಲ್ಲ. ಸೌಹಾರ್ದದ ಹೆಸರಿನಲ್ಲಿ ಎಲ್ಲವೂ ಒಂದೇ ಎಂದುಬಿಟ್ಟರೆ ಅವರ ನಂಬಿಕೆಗೂ ನಮ್ಮ ನಂಬಿಕೆಗೂ ಸಮಾನವಾಗಿ ಅಗೌರವ. ಆದರೂ ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಾಹನು ತನ್ನ ಪ್ರಿಯ ದಾಸನನ್ನು ಶತ್ರುಗಳ ಕೈಗೆ ಸೋಲಲು ಬಿಡಲಿಲ್ಲ ಎಂದು ನಾವು ಹೇಳುತ್ತೇವೆ. ದೇವನು ಅವರನ್ನು ಸೋಲಿನಲ್ಲಿ ಉಳಿಯಲು ಬಿಡಲಿಲ್ಲ ಎಂದು ಅವರು ಹೇಳುತ್ತಾರೆ. ದಾರಿ ಬೇರೆಯಾದರೂ, ಕೊನೆಯ ಮಾತು ಜುಲ್ಮಿನದಲ್ಲ ಎಂಬ ಭರವಸೆ ಎರಡೂ ಕಡೆ ಇದೆ.

ಈ ಬೆಟ್ಟಗಳ ನಡುವಿನ ಕ್ರೈಸ್ತರು

ಕ್ರೈಸ್ತರು ಈ ಸೀಮೆಗೆ ಬ್ರಿಟಿಷರೊಡನೆ ಬಂದವರೆಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಪುದುಚೇರಿಯಿಂದ ಹೊರಟ ಫ್ರೆಂಚ್ ಜೆಸುಯಿಟ್ ಪಾದ್ರಿಗಳ ಕರ್ನಾಟಕ ಮಿಷನ್ 18ನೆಯ ಶತಮಾನದ ಆರಂಭದಲ್ಲೇ ಚಿಕ್ಕಬಳ್ಳಾಪುರವನ್ನು ತಲುಪಿತ್ತು. ಊರನ್ನು ಅವರು ತೆಲುಗು ಉಚ್ಚಾರಣೆಯಂತೆ ಚಿನ್ನಬಳ್ಳಾಪುರ ಎಂದು ಬರೆದರು. ಫಾದರ್ ಲೆ ಗಾಕ್ 1709ರಲ್ಲಿ ಅಲ್ಲಿಂದ ಬರೆದ ಪತ್ರವು ಜೆಸುಯಿಟ್ ಪತ್ರಸಂಗ್ರಹದಲ್ಲಿ ಉಳಿದಿದೆ. ಆಗ ಇಲ್ಲಿ ಪಾಳೆಯಗಾರರ ಆಳ್ವಿಕೆ, ಹೈದರಾಲಿಯು ಚಿಕ್ಕಬಳ್ಳಾಪುರವನ್ನು ವಶಪಡಿಸಿಕೊಂಡದ್ದು ಬಹಳ ತಡವಾಗಿ. ಮುಂದೆ ಲಂಡನ್ ಮಿಷನ್ ಸೊಸೈಟಿಯವರು ಇಲ್ಲಿ ಕೇಂದ್ರ ತೆರೆದರು. 20ನೆಯ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಆಸ್ಪತ್ರೆಯೇ ಇಂದಿನ ಸಿಎಸ್‌ಐ ಆಸ್ಪತ್ರೆ.

ಕನ್ನಡ ಭಾಷೆಗೂ ಆ ಸೊಸೈಟಿಗೂ ಹಳೆಯ ನಂಟಿದೆ. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಜೊತೆಗಾರರೊಡನೆ ಬೈಬಲನ್ನು ಅನುವಾದಿಸಿದರು. ಇಡೀ ಗ್ರಂಥದ ಮುದ್ರಣ 1831ರಲ್ಲಿ ಪೂರ್ಣಗೊಂಡಿತು. ಈಸ್ಟರಿನ ವೃತ್ತಾಂತವನ್ನು ಸಾಮಾನ್ಯ ಕನ್ನಡಿಗನು ತನ್ನ ನುಡಿಯಲ್ಲಿ ಓದುವಂತಾದದ್ದು ಹೀಗೆ. ಪವಿತ್ರ ಕುರ್‌ಆನಿನ ಕನ್ನಡ ಅನುವಾದಗಳನ್ನು ಮನೆಯಲ್ಲಿಟ್ಟುಕೊಂಡು ಓದುವ ನಮಗೆ ಆ ಶ್ರಮದ ಬೆಲೆ ತಿಳಿದಿದೆ.

1784ರ ಈಸ್ಟರ್

ಈಗ ಬೆಟ್ಟದ ಮೇಲಿನ ಆ ಕೋಟೆಯ ಕಲ್ಲುಗಳಿಗೆ ಮರಳೋಣ. ನಮ್ಮಲ್ಲಿ ಅನೇಕರಿಗೆ ಟಿಪ್ಪು ಸುಲ್ತಾನರು ಪ್ರಿಯರು. ವಸಾಹತುಶಾಹಿಯ ಎದುರು ಸಂಧಾನ ಮಾಡಿಕೊಳ್ಳದೆ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಕಾದಾಡುತ್ತ ಮಡಿದ ದೊರೆ ಅವರು. 1791ರಲ್ಲಿ ಮರಾಠಾ ಪಡೆಯ ಕೊಳ್ಳೆಗೆ ಸಿಕ್ಕ ಶೃಂಗೇರಿ ಮಠಕ್ಕೆ ನೆರವಾದವರೂ ಅವರೇ. ಇವೆಲ್ಲ ನಿಜ. ಆದರೆ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಅದೇ ಹೆಸರಿಗೆ ಇನ್ನೊಂದು ನೆನಪು ಅಂಟಿಕೊಂಡಿದೆ, ಅದೂ ನಿಜ.

ಎರಡನೆಯ ಮೈಸೂರು ಯುದ್ಧದ ಕಾಲದಲ್ಲಿ, 1783ರ ಮಾರ್ಚಿನಲ್ಲಿ, ಇಂಗ್ಲಿಷ್ ಸೇನೆ ಮಂಗಳೂರನ್ನು ಹಿಡಿಯಿತು. ದೀರ್ಘ ಮುತ್ತಿಗೆಯ ಬಳಿಕ 1784ರ ಜನವರಿಯ ಕೊನೆಯಲ್ಲಿ ಟಿಪ್ಪು ಅದನ್ನು ಮರಳಿ ಪಡೆದರು. ಸ್ಥಳೀಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬುದು ಅವರ ಆರೋಪ. ಕೆಲವರು ನೆರವಾಗಿರಬಹುದು, ಆದರೆ ಶಿಕ್ಷೆ ಬಿದ್ದದ್ದು ಇಡೀ ಸಮುದಾಯಕ್ಕೆ. ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಸೆರೆಯಾದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಅರವತ್ತು ಸಾವಿರಕ್ಕೂ ಮಿಕ್ಕಿ ಬೇರೆಬೇರೆಯಾಗಿ ಹೇಳಲಾಗಿದೆ. ಹೆಂಗಸರು, ಮಕ್ಕಳು, ಮುದುಕರು ಎಲ್ಲರೂ ಅದರಲ್ಲಿದ್ದರು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಜಮೀನುಗಳು ಮುಟ್ಟುಗೋಲಾದವು, ಮಂಗಳೂರಿನ ಮಿಲಾಗ್ರಿಸ್ ಸೇರಿದಂತೆ ಇಗರ್ಜಿಗಳು ನೆಲಸಮವಾದವು. ಅನೇಕ ಯುವಕರಿಗೆ ಬಲವಂತದಿಂದ ಸುನ್ನತಿ ಮಾಡಿಸಿ ಸೇನೆಗೆ ಸೇರಿಸಲಾಯಿತು.

ಸೆರೆ ಆರಂಭವಾದದ್ದು ಫೆಬ್ರವರಿಯ ಕೊನೆಯ ವಾರದಲ್ಲಿ, ವಿಭೂತಿ ಬುಧವಾರದಂದು ಎಂಬುದು ಆ ಸಮುದಾಯದ ನೆನಪು. ಅಂದರೆ ಈಸ್ಟರಿಗೆ ಮುಂಚಿನ ವ್ರತಕಾಲ ಆರಂಭವಾಗುವ ದಿನ, ಹಣೆಗೆ ಬೂದಿ ಹಚ್ಚಿಕೊಂಡು ಮನುಷ್ಯನು ಮಣ್ಣೆಂದು ನೆನೆಯುವ ದಿನ. ಆ ವರ್ಷದ ಈಸ್ಟರ್ ಬಿದ್ದದ್ದು ಏಪ್ರಿಲ್ 11ರಂದು. ಅದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಮಾರ್ಚ್ 11ರಂದು, ಮಂಗಳೂರು ಒಪ್ಪಂದಕ್ಕೆ ಸಹಿಯಾಗಿ ದೊರೆಗಳ ಯುದ್ಧ ನಿಂತಿತ್ತು. ಈ ಜನರ ಪಾಲಿಗೆ ಮಾತ್ರ ಅದು ಮುಗಿಯಲಿಲ್ಲ. ಆ ಈಸ್ಟರನ್ನೂ ಅದರ ಮುಂದಿನ ಹದಿನೈದು ಈಸ್ಟರುಗಳನ್ನೂ ಅವರಲ್ಲಿ ಬದುಕುಳಿದವರು ತಮ್ಮ ಊರು, ತಮ್ಮ ಇಗರ್ಜಿ ಇಲ್ಲದೆಯೇ ಕಳೆದರು. 1799ರಲ್ಲಿ ಬಿಡುಗಡೆಯಾದ ಬಳಿಕ ಹಲವರು ಕರಾವಳಿಗೆ ಮರಳಿ, ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಮೈಸೂರು ಸೀಮೆಯಲ್ಲಿ ಉಳಿದವರ ಚದುರಿದ ಸಮುದಾಯವನ್ನು ಒಟ್ಟುಗೂಡಿಸಲು ಫ್ರೆಂಚ್ ಪಾದ್ರಿ ಆಬೆ ದುಬೊವಾ ಶ್ರಮಿಸಿದರು. 1823ರಲ್ಲಿ ಸ್ವದೇಶಕ್ಕೆ ಮರಳುವವರೆಗೂ ಅವರು ಈ ನಾಡಿನಲ್ಲಿದ್ದರು, ಸಿಡುಬಿನ ಚುಚ್ಚುಮದ್ದನ್ನು ಇಲ್ಲಿ ಹರಡಿದವರಲ್ಲೂ ಒಬ್ಬರು.

ಈ ಅಧ್ಯಾಯವನ್ನು ರಾಜಕೀಯ ಕಾರಣಕ್ಕೆ ಹಿಗ್ಗಿಸಿ ಹೇಳುವವರಿದ್ದಾರೆ ಎಂಬುದು ನಮಗೆ ಗೊತ್ತು. ಅದಕ್ಕೆ ಹೆದರಿ ನಾವು ಅದನ್ನು ಕುಗ್ಗಿಸಬೇಕೇ? ನ್ಯಾಯಕ್ಕಾಗಿ ದೃಢವಾಗಿ ನಿಂತು ಸಾಕ್ಷಿ ಹೇಳಿರಿ, ಅದು ನಿಮ್ಮ, ನಿಮ್ಮ ಹೆತ್ತವರ, ನಿಮ್ಮ ಬಂಧುಗಳ ವಿರುದ್ಧವಾಗಿದ್ದರೂ ಸರಿಯೇ ಎಂಬ ಆದೇಶ (4:135) ಬಂದಿರುವುದು ವಿಶ್ವಾಸಿಗಳಿಗೆ. ಧರ್ಮದಲ್ಲಿ ಬಲವಂತವಿಲ್ಲವೆಂದು (2:256) ಕಲಿಸಿದ ದೀನಿನ ಹೆಸರಿನಲ್ಲಿ ಒಬ್ಬನ ಮೇಲೆ ಬಲವಂತ ನಡೆದಿದ್ದರೆ, ಅದನ್ನು ತಪ್ಪೆಂದು ಹೇಳಲು ಮೊದಲ ಹಕ್ಕುದಾರರು ನಾವೇ. ದೊರೆಯ ಕಾರ್ಯವನ್ನು ಕುರ್‌ಆನಿನ ತಕ್ಕಡಿಯಲ್ಲಿ ತೂಗಬೇಕು. ದೊರೆಗಾಗಿ ತಕ್ಕಡಿಯನ್ನು ಓರೆಮಾಡಬಾರದು.

ಜೆರುಸಲೇಮಿನ ಬೀಗದ ಕೈ

ಆ ತಕ್ಕಡಿ ಹೇಗಿರಬೇಕೆಂಬುದಕ್ಕೆ ಮಾದರಿಗಳೂ ನಮ್ಮಲ್ಲೇ ಇವೆ. ಈಸ್ಟರಿನ ಘಟನೆ ನಡೆದ ಸ್ಥಳವೆಂದು ಕ್ರೈಸ್ತರು ನಂಬುವಲ್ಲಿ ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚ್ ಇದೆ. ಅರಬರು ಅದನ್ನು 'ಕನೀಸತುಲ್ ಕಿಯಾಮಃ' ಎನ್ನುತ್ತಾರೆ. 7ನೆಯ ಶತಮಾನದಲ್ಲಿ ನಗರ ಮುಸ್ಲಿಮರಿಗೆ ಶರಣಾದಾಗ ಖಲೀಫಾ ಉಮರ್(ರ) ಅಲ್ಲಿಗೆ ಬಂದರು. ನಮಾಝಿನ ವೇಳೆಯಾದಾಗ ಅವರು ಚರ್ಚಿನೊಳಗೆ ನಮಾಝ್ ಮಾಡಲು ನಿರಾಕರಿಸಿ ಹೊರಗೆ ಮಾಡಿದರು. ತಾವು ಒಳಗೆ ಮಾಡಿದರೆ ಮುಂದಿನವರು ಅದೇ ನೆಪದಲ್ಲಿ ಅದನ್ನು ಮಸೀದಿಯೆಂದು ಕಿತ್ತುಕೊಂಡಾರೆಂಬುದು ಅವರ ಕಾರಣ. ಈ ಪ್ರಸಂಗವನ್ನು ದಾಖಲಿಸಿದವರು 10ನೆಯ ಶತಮಾನದ ಕ್ರೈಸ್ತ ಧರ್ಮಾಧ್ಯಕ್ಷ ಯೂಟಿಕಿಯಸ್ ಎಂಬುದು ಗಮನಾರ್ಹ.

ಅದೇ ಚರ್ಚನ್ನು 1009ರಲ್ಲಿ ಫಾತಿಮೀ ದೊರೆ ಅಲ್‌ಹಾಕಿಮ್ ಕೆಡವಿಸಿದ. ಅವನ ನಂತರದವರ ಕಾಲದಲ್ಲಿ ಒಪ್ಪಂದದ ಮೇಲೆ ಅದು ಮತ್ತೆ ಎದ್ದಿತು. 1187ರಲ್ಲಿ ನಗರವನ್ನು ಮರಳಿ ಗೆದ್ದ ಸಲಾಹುದ್ದೀನ್ ಅಯ್ಯೂಬಿಗೆ ಅದನ್ನು ಕೆಡವಲು ಸಲಹೆ ಕೊಟ್ಟವರಿದ್ದರು. ಅವರು ಉಮರ್(ರ)ರ ಮಾದರಿಯನ್ನು ಮುಂದಿಟ್ಟು ಅದನ್ನು ಉಳಿಸಿದರು. ಇಂದಿಗೂ ಆ ಚರ್ಚಿನ ಮಹಾದ್ವಾರದ ಬೀಗದ ಕೈ ಜೂದಾ ಎಂಬ ಮುಸ್ಲಿಮ್ ಮನೆತನದ ಬಳಿಯಿದೆ. ಬಾಗಿಲು ತೆರೆಯುವ ಹೊಣೆ ನುಸೈಬಾ ಎಂಬ ಇನ್ನೊಂದು ಮುಸ್ಲಿಮ್ ಮನೆತನದ್ದು. ತಮ್ಮ ಪಾಲಿಗೆ ಸತ್ಯವಲ್ಲದ ಒಂದು ನಂಬಿಕೆಯ ಬಾಗಿಲನ್ನು ಅವರು ತಲೆಮಾರುಗಳಿಂದ ನಂಬಿಗಸ್ತರಾಗಿ ಕಾಯುತ್ತಿದ್ದಾರೆ. ಇದಕ್ಕೆ ಅಮಾನತ್ ಎಂದು ಹೆಸರು. ಮಠ, ಇಗರ್ಜಿ, ಯಹೂದಿ ಮಂದಿರ, ಮಸೀದಿಗಳ ರಕ್ಷಣೆಯನ್ನು ಒಟ್ಟಿಗೇ ಹೇಳುವ ಸೂರಃ ಅಲ್‌ಹಜ್ಜ್‌ನ 40ನೆಯ ವಚನದ ಜೀವಂತ ವ್ಯಾಖ್ಯಾನವದು.

ನಾವು ಏನು ಮಾಡಬೇಕು?

2022, 2023, 2024ರ ಮೂರೂ ವರ್ಷಗಳಲ್ಲಿ ಈಸ್ಟರ್ ಭಾನುವಾರ ರಮಝಾನ್ ತಿಂಗಳೊಳಗೇ ಬಂದಿತು. ನಾವು ಸಹರಿಗೆ ದೀಪ ಹಚ್ಚಿದ ಹೊತ್ತಿನಲ್ಲಿ ನೆರೆಮನೆಯವರು ಪ್ರಾರ್ಥನೆಗೆ ಹೊರಡಲು ದೀಪ ಹಚ್ಚಿದರು. ಅವರ ಆರಾಧನೆಯಲ್ಲಿ ನಾವು ಭಾಗಿಗಳಾಗುವುದಿಲ್ಲ, ನಮ್ಮ ಅಖೀದಾ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದರೆ ನಮ್ಮೊಡನೆ ಧರ್ಮದ ಕಾರಣಕ್ಕೆ ಯುದ್ಧ ಮಾಡದವರೊಡನೆ ಸೌಜನ್ಯದಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆದಿಲ್ಲ, ನ್ಯಾಯವಂತರನ್ನು ಅವನು ಮೆಚ್ಚುತ್ತಾನೆ (60:8).

ಹುಡುಗನಿಗೆ ಬೆಟ್ಟ ಇಳಿಯುತ್ತ ನಾವು ಕೊಟ್ಟ ಉತ್ತರ ಇಷ್ಟು: ಸಾವು ಕೊನೆಯಲ್ಲ, ಜುಲ್ಮಿಗೆ ಜಯವಿಲ್ಲ ಎಂಬುದನ್ನು ಅವರು ಇಂದು ಆಚರಿಸುತ್ತಿದ್ದಾರೆ. ಅದು ಈಸಾ(ಅ)ರ ಶಿಲುಬೆಯ ಮೂಲಕ ಬಂತೆಂದು ಅವರು ನಂಬುತ್ತಾರೆ, ನಾವು ನಂಬುವುದಿಲ್ಲ. ಸತ್ಯ ಯಾವುದೆಂಬ ತೀರ್ಪು ಕಿಯಾಮತ್‌ನ ದಿನ ಅಲ್ಲಾಹನ ಸನ್ನಿಧಿಯಲ್ಲಿದೆ. ಅಲ್ಲಿಯವರೆಗೆ ನಿನ್ನ ಸಹಪಾಠಿಯ ಹಕ್ಕು ನಿನ್ನ ಮೇಲಿದೆ. ಸ್ವಲ್ಪ ದೂರ ಸುಮ್ಮನೆ ನಡೆದ ಅವನು, "ಅವನ ಅಜ್ಜಿ ಹೋದ ವರ್ಷ ತೀರಿಕೊಂಡರು. ಇವತ್ತು ಅವರ ಗೋರಿಯ ಹತ್ತಿರ ಹೋಗಿರುತ್ತಾನೆ. ನಾಳೆ ಮಾತನಾಡಿಸುತ್ತೇನೆ" ಎಂದ.

ಸತ್ಯವನ್ನು ಸತ್ಯವೆಂದು ಕಾಣುವ ಕಣ್ಣನ್ನೂ, ನಮ್ಮ ವಿರುದ್ಧವಾದರೂ ನ್ಯಾಯವನ್ನು ನುಡಿಯುವ ನಾಲಿಗೆಯನ್ನೂ, ನೆರೆಯವರ ನೋವನ್ನು ಅರಿಯುವ ಹೃದಯವನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.